ಸುಂಕದ ಗಡಿಯಲ್ಲಿ ಬ್ರಿಟನ್: ಯುರೋಪಿನ ಒಕ್ಕೂಟ ಮತ್ತು ನಮ್ಮ ಕೋರಾ ಬಟ್ಟೆ

ಜಕಾತಿ ನಾಕಾ ಕಂಡವರಿಗೆ ಸುಂಕವೆಂದರೆ ಏನೆಂದು ಬಿಡಿಸಿ ಹೇಳಬೇಕಿಲ್ಲ. ಅಕ್ಕಲಕೋಟೆ, ನಂದೇಶ್ವರದ ಕಡೆಯಿಂದ ಮಾಲು ಹೇರಿಕೊಂಡು ಬಂದ ಗಾಡಿ ಸೊಲ್ಲಾಪುರದ ಅಂಚಿನಲ್ಲಿ ನಿಂತು, ಹಣ ಕಟ್ಟಿ, ಪಾವತಿ ತೋರಿಸಿದ ಮೇಲೇ ಪೇಟೆ ಸೇರುತ್ತಿತ್ತು. ಎರಡನೇ ಮಹಾಯುದ್ಧ ಮುಗಿದಾಗ ಯುರೋಪಿನ ದೇಶದೇಶದ ನಡುವೆ ಇಂಥ ನಾಕಾಗಳೇ ಇದ್ದವು. ಅವನ್ನು ಕಿತ್ತುಹಾಕೋಣವೆಂದು ಆರು ದೇಶಗಳು ಕೂಡಿ ಕೂತಾಗ ಬ್ರಿಟನ್ ಮಾತ್ರ ದೂರ ಉಳಿಯಿತು. ಯಾಕೆ ಉಳಿಯಿತು, ಮುಂದೆ ಯಾಕೆ ಮನಸ್ಸು ಬದಲಿಸಿತು, ಅದರಿಂದ ಭಾರತದ ಬಟ್ಟೆಗೆ ಏನಾಯಿತು ಎಂಬುದು ಈ ಅಧ್ಯಾಯದ ವಿಷಯ.

ಹೊರಗೆ ನಿಂತು ಹರಸಿದವರು

1946ರಲ್ಲಿ ಜೂರಿಕ್‌ನಲ್ಲಿ ಭಾಷಣ ಮಾಡಿದ ಬ್ರಿಟನ್ನಿನ ಯುದ್ಧಕಾಲದ ಪ್ರಧಾನಿ ಚರ್ಚಿಲ್, ಯುರೋಪ್ ಒಂದಾಗಬೇಕು ಎಂದರು. ಆದರೆ ಬ್ರಿಟನ್ನಿಗೆ ಅವರು ಕೊಟ್ಟ ಜಾಗ ಹಿತೈಷಿಯದು, ಮನೆಯವನದಲ್ಲ. 1950ರ ಮೇ 9ರಂದು ಫ್ರಾನ್ಸಿನ ವಿದೇಶಾಂಗ ಸಚಿವ ರಾಬರ್ಟ್ ಶೂಮನ್, ಕಲ್ಲಿದ್ದಲು ಮತ್ತು ಉಕ್ಕನ್ನು ಒಂದೇ ಮಂಡಳಿಯ ಕೈಗೆ ಕೊಡುವ ಯೋಜನೆ ಮುಂದಿಟ್ಟರು. ಬ್ರಿಟನ್ನಿನ ಪ್ರಧಾನಿ ಅಟ್ಲಿಯವರ ಲೇಬರ್ ಸರ್ಕಾರ ಕಲ್ಲಿದ್ದಲು ಗಣಿಗಳನ್ನು 1947ರಲ್ಲಷ್ಟೇ ರಾಷ್ಟ್ರೀಕರಿಸಿತ್ತು. ಆಗತಾನೇ ಕೈಗೆ ಬಂದ ಗಣಿಯನ್ನು ಪರದೇಶದವರೂ ಕೂತ ಮಂಡಳಿಗೆ ಒಪ್ಪಿಸಲು ಅದು ಒಲ್ಲೆನೆಂದಿತು. ಫ್ರಾನ್ಸ್, ಪಶ್ಚಿಮ ಜರ್ಮನಿ, ಇಟಲಿ, ಬೆಲ್ಜಿಯಂ, ನೆದರ್ಲೆಂಡ್ಸ್, ಲಕ್ಸೆಂಬರ್ಗ್ 1951ರಲ್ಲಿ ಆ ಯೋಜನೆಯ ಒಪ್ಪಂದ ಮಾಡಿಕೊಂಡವು.

1955ರಲ್ಲಿ ಇದೇ ಆರು ದೇಶಗಳು ಸಮಾನ ಮಾರುಕಟ್ಟೆಯ ಮಾತುಕತೆ ಶುರು ಮಾಡಿದವು. ಬ್ರಿಟನ್ ಅಲ್ಲಿಗೆ ಸಚಿವರನ್ನು ಕಳಿಸದೆ ರಸೆಲ್ ಬ್ರೆದರ್ಟನ್ ಎಂಬ ವ್ಯಾಪಾರ ಇಲಾಖೆಯ ಅಧಿಕಾರಿಯನ್ನು ಕಳಿಸಿತು. ನವೆಂಬರಿನ ಹೊತ್ತಿಗೆ ಆ ಭಾಗವಹಿಸುವಿಕೆಯೂ ನಿಂತಿತು. 1957ರ ಮಾರ್ಚ್ 25ರಂದು ಆ ಮಾರುಕಟ್ಟೆ ಕಟ್ಟುವ ರೋಮ್ ಒಪ್ಪಂದಕ್ಕೆ ಸಹಿ ಬಿದ್ದಾಗ ಬ್ರಿಟನ್ ಅಲ್ಲಿರಲಿಲ್ಲ.

ಇದನ್ನು ಬರೀ ಬಿಂಕ ಎನ್ನಲಾಗದು. 1950ರ ಸುಮಾರಿಗೆ ಬ್ರಿಟನ್ನಿನ ರಫ್ತಿನಲ್ಲಿ ಅರ್ಧದ ಹತ್ತಿರ ಹೋಗುತ್ತಿದ್ದುದು ಹಳೆಯ ಸಾಮ್ರಾಜ್ಯದ ಬಳಗವಾದ ಕಾಮನ್‌ವೆಲ್ತ್ ದೇಶಗಳಿಗೆ. ನ್ಯೂಜಿಲೆಂಡಿನ ಬೆಣ್ಣೆ, ಕೆನಡಾದ ಗೋಧಿ ಬ್ರಿಟನ್ನಿನ ಅಡುಗೆಮನೆಗೆ ಅಗ್ಗದಲ್ಲಿ ಬರುತ್ತಿದ್ದವು. ಆರು ದೇಶಗಳ ಒಕ್ಕೂಟಕ್ಕೆ ಸೇರಿದರೆ ಒಳಗಿನ ಸುಂಕವೇನೋ ಹೋಗುತ್ತಿತ್ತು, ಆದರೆ ಹೊರಗಿನವರ ಮೇಲೆ ಎಲ್ಲರೂ ಒಂದೇ ದರ ಹಾಕಬೇಕಿತ್ತು. ಬ್ರಿಟನ್ನಿಗೆ ಬೇಕಾದದ್ದು ಒಳಗೆ ಸುಂಕವಿಲ್ಲದ, ಹೊರಗಿನವರಿಗೆ ತನ್ನದೇ ದರ ಇಟ್ಟುಕೊಳ್ಳುವ ವ್ಯವಸ್ಥೆ. ಆರು ದೇಶಗಳು ಅದಕ್ಕೆ ಒಪ್ಪದಿದ್ದಾಗ, 1960ರಲ್ಲಿ ಬೇರೆ ಆರು ದೇಶಗಳನ್ನು ಕಟ್ಟಿಕೊಂಡು ಎಫ್ಟಾ ಎಂಬ ಮುಕ್ತ ವ್ಯಾಪಾರ ಕೂಟ ಮಾಡಿತು.

ಕೋರಾ ಬಟ್ಟೆಯ ಲೆಕ್ಕ

ಈ ದರದ ಜಗಳ ನಮ್ಮ ಗಿರಣಿಗಳ ಬಾಗಿಲಿಗೂ ಬಂತು. 1932ರ ಒಟ್ಟಾವಾ ಒಪ್ಪಂದಗಳ ಕಾಲದಿಂದ ಸಾಮ್ರಾಜ್ಯದ ಮಾಲಿಗೆ ಬ್ರಿಟನ್ನಿನಲ್ಲಿ ರಿಯಾಯಿತಿ ಇತ್ತು. ಸ್ವಾತಂತ್ರ್ಯ ಬಂದ ಮೇಲೂ ಅದು ಮುಂದುವರಿದು, ಭಾರತದ ಹತ್ತಿ ಬಟ್ಟೆ ಸುಂಕವಿಲ್ಲದೆ ಅಲ್ಲಿಗೆ ಹೋಗುತ್ತಿತ್ತು. ಹೋಗುತ್ತಿದ್ದುದರಲ್ಲಿ ಬಹುಪಾಲು ಕೋರಾ ಬಟ್ಟೆ: ಮಗ್ಗದಿಂದ ಇಳಿದದ್ದು ಇಳಿದಂತೆಯೇ, ಬಿಳುಪು ಮಾಡದೆ, ಬಣ್ಣ ಹಾಕದೆ ಬಿಟ್ಟ ಥಾನು. ಅದಕ್ಕೆ ಬಣ್ಣ, ಅಚ್ಚು ಹಾಕಿ ಮಾರುವ ಕೆಲಸ ಅಲ್ಲಿನವರದು.

ಒಂದು ಕಾಲಕ್ಕೆ ತನ್ನ ಬಟ್ಟೆಯನ್ನು ಹಿಂದುಸ್ತಾನದ ತುಂಬ ಹರಡಿದ್ದ ಬ್ರಿಟನ್ನಿನ ಗಿರಣಿ ನಾಡು ಲ್ಯಾಂಕಾಶೈರ್ ಈಗ ಹಿಂದುಸ್ತಾನದ ಬಟ್ಟೆ ತಡೆಯಿರಿ ಎಂದು ಕೂಗತೊಡಗಿತು. ಭಾರತ, ಪಾಕಿಸ್ತಾನ, ಹಾಂಗ್‌ಕಾಂಗ್‌ಗಳಿಂದ ‘ಸ್ವಯಂಪ್ರೇರಿತ’ ಮಿತಿಗೆ ಒಪ್ಪಿಗೆ ಪಡೆಯಲಾಯಿತು. 1959ರ ಕಾಯ್ದೆಯೊಂದರಡಿ, ಹಳೆಯ ಮಗ್ಗ ಮತ್ತು ಕದಿರುಗಳನ್ನು ಒಡೆದು ಗುಜರಿಗೆ ಹಾಕುವ ಗಿರಣಿ ಮಾಲಕರಿಗೆ ಬ್ರಿಟಿಷ್ ಸರ್ಕಾರವೇ ಪರಿಹಾರ ಕೊಟ್ಟಿತು. ಗಿರಣಿಯ ಭೋಂಗಾ ಕೇಳಿ ಬೆಳೆದ ಸೊಲ್ಲಾಪುರದವರಿಗೆ ಮಗ್ಗ ಗುಜರಿಗೆ ಹೋಗುವುದೆಂದರೇನು ಎಂದು ಗೊತ್ತು. ಕಾಮನ್‌ವೆಲ್ತಿನ ನಂಟು ಯುರೋಪಿನ ಪ್ರಶ್ನೆ ಬರುವ ಮುಂಚೆಯೇ ಸಡಿಲವಾಗತೊಡಗಿತ್ತು.

ಬಾಗಿಲು ತಟ್ಟಿದ್ದು

1956ರಲ್ಲಿ ಈಜಿಪ್ಟಿನ ಸೂಯೆಜ್ ಕಾಲುವೆಗಾಗಿ ದಂಡೆತ್ತಿ ಹೋಗಿ ಹಿಂದೆ ಸರಿಯಬೇಕಾದ ಪ್ರಕರಣ ಬ್ರಿಟನ್ನಿನ ಕೈ ಎಷ್ಟು ಗಿಡ್ಡವಾಗಿದೆ ಎಂದು ತೋರಿಸಿತು. ಆರು ದೇಶಗಳ ಆರ್ಥಿಕತೆ ಅದಕ್ಕಿಂತ ಬಿರುಸಾಗಿ ಬೆಳೆಯುತ್ತಿತ್ತು. 1961ರ ಜುಲೈ 31ರಂದು ಪ್ರಧಾನಿ ಮ್ಯಾಕ್‌ಮಿಲನ್ ಸೇರ್ಪಡೆಗೆ ಅರ್ಜಿ ಹಾಕುವುದಾಗಿ ಪಾರ್ಲಿಮೆಂಟಿನಲ್ಲಿ ತಿಳಿಸಿದರು. ಅದೇ ವರ್ಷದ ಸೆಪ್ಟೆಂಬರಿನಲ್ಲಿ ಘಾನಾದ ಅಕ್ರಾದಲ್ಲಿ ನಡೆದ ಕಾಮನ್‌ವೆಲ್ತ್ ಹಣಕಾಸು ಸಭೆಯಲ್ಲಿ ಆತಂಕ ಎದ್ದು ಕಂಡಿತು. 1962ರ ಸೆಪ್ಟೆಂಬರಿನಲ್ಲಿ ಲಂಡನ್ನಿಗೆ ಹೋದ ನೆಹರೂ ಕೂಡ ತಮ್ಮ ಅಸಮಾಧಾನವನ್ನು ಮುಚ್ಚಿಡಲಿಲ್ಲ. ಲೇಬರ್ ಪಕ್ಷದ ನಾಯಕ ಗೇಟ್ಸ್‌ಕೆಲ್, ಸೇರಿದರೆ ಸಾವಿರ ವರ್ಷದ ಇತಿಹಾಸಕ್ಕೇ ಮುಕ್ತಾಯ ಎಂಬರ್ಥದ ಮಾತಾಡಿದರು.

ಕೊನೆಗೆ ತಡೆದದ್ದು ಇವರಾರೂ ಅಲ್ಲ. 1963ರ ಜನವರಿ 14ರಂದು ಫ್ರಾನ್ಸಿನ ಅಧ್ಯಕ್ಷ ದ ಗಾಲ್ ಬೇಡ ಎಂದರು. 1967ರಲ್ಲಿ ಪ್ರಧಾನಿ ವಿಲ್ಸನ್ ಮತ್ತೆ ಅರ್ಜಿ ಹಾಕಿದಾಗಲೂ ಅದೇ ಉತ್ತರ. 1969ರಲ್ಲಿ ದ ಗಾಲ್ ಇಳಿದ ಮೇಲೆ ದಾರಿ ತೆರೆಯಿತು. ಪ್ರಧಾನಿ ಹೀತ್ ಅವರ ಕಾಲದಲ್ಲಿ, 1973ರ ಜನವರಿ 1ರಂದು, ಬ್ರಿಟನ್ ಒಳಗೆ ಹೋಯಿತು.

ಯಾರಿಗೆ ಏನು ಸಿಕ್ಕಿತು

ನ್ಯೂಜಿಲೆಂಡಿನ ಬೆಣ್ಣೆಗೆ ವಿಶೇಷ ಏರ್ಪಾಡಾಯಿತು. ಆಫ್ರಿಕ ಮತ್ತು ಕೆರಿಬಿಯನ್ನಿನ ಹಳೆಯ ವಸಾಹತುಗಳಿಗೆ ಒಕ್ಕೂಟದ ಮಾರುಕಟ್ಟೆಯಲ್ಲಿ ರಿಯಾಯಿತಿ ಕೊಡುವ 1975ರ ಲೋಮೆ ಒಪ್ಪಂದ ಸಿಕ್ಕಿತು. ಭಾರತವನ್ನು ಆ ಪಂಕ್ತಿಯಲ್ಲಿ ಕೂರಿಸಲಿಲ್ಲ. 1972ರಿಂದಲೇ ಬ್ರಿಟನ್ ಕಾಮನ್‌ವೆಲ್ತಿನ ಹತ್ತಿ ಬಟ್ಟೆಯ ಮೇಲೆ ಶೇ. 15 ಸುಂಕ ಹಾಕಿತ್ತು. ಸೇರಿದ ಮೇಲೆ ಹಂತಹಂತವಾಗಿ ಒಕ್ಕೂಟದ ಸಮಾನ ದರವೇ ಬಂತು. 1973ರ ಡಿಸೆಂಬರ್ 17ರಂದು ಭಾರತ ಒಕ್ಕೂಟದ ಜೊತೆ ವಾಣಿಜ್ಯ ಸಹಕಾರದ ಒಪ್ಪಂದ ಮಾಡಿಕೊಂಡಿತಾದರೂ, ಹಳೆಯ ಸುಂಕವಿಲ್ಲದ ದಾರಿ ಅದರಿಂದ ಮರಳಲಿಲ್ಲ.

ಬ್ರಿಟನ್ನಿನ ಮತದಾರರು 1975ರ ಜೂನ್ 5ರ ಜನಮತದಲ್ಲಿ ಶೇ. 67ರಷ್ಟು ಬಹುಮತದಿಂದ ಒಳಗೇ ಇರೋಣ ಎಂದರು. 2016ರ ಜನಮತದಲ್ಲಿ ಶೇ. 52ರಷ್ಟು ಮಂದಿ ಹೊರಡೋಣ ಎಂದರು. ಎರಡು ತೀರ್ಪುಗಳು ತಿರುಗುಮುರುಗಾಗಿ ಕಂಡರೂ ಬೇರು ಒಂದೇ. ಫ್ರಾನ್ಸ್, ಜರ್ಮನಿಗಳಿಗೆ ಯುರೋಪಿನ ಒಗ್ಗಟ್ಟು ಇನ್ನೊಂದು ಯುದ್ಧ ತಪ್ಪಿಸುವ ಉಪಾಯವಾಗಿತ್ತು. ಬ್ರಿಟನ್ನಿಗೆ ಅದು ಮುಖ್ಯವಾಗಿ ವ್ಯಾಪಾರದ ಲಾಭ ನಷ್ಟದ ಮಾತು. ಲೆಕ್ಕ ನೋಡಿ ಸೇರಿದವರು ಲೆಕ್ಕ ತಪ್ಪಿತೆನಿಸಿದಾಗ ಎದ್ದು ಹೋದರು.

ನಮಗೆ ಇದರಲ್ಲಿ ಒಂದು ಪಾಠವಿದೆ. ಇನ್ನೊಬ್ಬರ ಸುಂಕದ ಪಟ್ಟಿಯಲ್ಲಿ ಸಿಕ್ಕ ರಿಯಾಯಿತಿ ನಮ್ಮ ಹಕ್ಕಲ್ಲ, ಅವರ ಅನುಕೂಲ ಬದಲಾದ ದಿನ ಅದೂ ಹೋಗುತ್ತದೆ. 2025ರ ಜುಲೈ 24ರಂದು ಭಾರತ ಮತ್ತು ಬ್ರಿಟನ್ ಹೊಸ ವ್ಯಾಪಾರ ಒಪ್ಪಂದಕ್ಕೆ ಸಹಿ ಹಾಕಿದವು. ಭಾರತದ ಬಟ್ಟೆಯ ಮೇಲಿನ ಸುಂಕ ತೆಗೆಯುವುದು ಅದರ ಷರತ್ತುಗಳಲ್ಲೊಂದು. ಈ ಸಲ ಅದು ಸಾಮ್ರಾಜ್ಯದ ನಂಟಿನಿಂದ ಬಂದದ್ದಲ್ಲ, ಕೂತು ಚೌಕಾಸಿ ಮಾಡಿ ಪಡೆದದ್ದು.