ಬರಿಗೈ ತರುಣರೂ ಬರಿದಾದ ನೆಲವೂ



ಕಾಲೇಜಿನಲ್ಲಿ ಪಾಠ ಹೇಳುವ ನಮ್ಮಂಥವರನ್ನು ವರ್ಷಕ್ಕೊಮ್ಮೆ ತಪ್ಪದೆ ಕಾಡುವ ಪ್ರಶ್ನೆಯೊಂದುಂಟು. ಪರೀಕ್ಷೆಯಲ್ಲಿ ತೇರ್ಗಡೆಯಾದ ತರುಣನು ಬಂದು ನಮಸ್ಕರಿಸಿ, "ಮುಂದೇನು ಮಾಡಲಿ, ಸ್ವಾಮಿ?" ಎಂದು ಕೇಳುತ್ತಾನೆ. ಅವನಿಗೆ ಅನ್ನಕ್ಕೆ ದಾರಿ ಬೇಕು. ಅಷ್ಟೇ ಅಲ್ಲ, ತಾನು ಯಾರಿಗೂ ಬೇಡವಾದವನಲ್ಲವೆಂಬ ಧೈರ್ಯವೂ ಬೇಕು. ಈ ಎರಡನ್ನೂ ಒಟ್ಟಿಗೆ ಒದಗಿಸಲು ಒಂದು ದೇಶವು ಮಾಡಿದ ಪ್ರಯತ್ನವನ್ನು ಇಂದು ತಮ್ಮ ಮುಂದಿಡುತ್ತೇವೆ.

1933ರಲ್ಲಿ ಅಮೆರಿಕ ಸಂಯುಕ್ತ ಸಂಸ್ಥಾನಗಳಲ್ಲಿ ದುಡಿಯಬಲ್ಲ ನಾಲ್ವರಲ್ಲಿ ಸುಮಾರು ಒಬ್ಬನಿಗೆ ಕೆಲಸವಿರಲಿಲ್ಲ. ಅಲ್ಲಿಯ ನೆಲದ ಸ್ಥಿತಿಯೂ ಶೋಚನೀಯವಾಗಿದ್ದಿತು. ಮರ ಕಡಿದ ಬೆಟ್ಟಗಳು ಬೋಳಾಗಿ ನಿಂತಿದ್ದುವು. ಹೊಲಗಳ ಮೇಲ್ಮಣ್ಣು ಮಳೆಗೆ ಕೊಚ್ಚಿ, ಗಾಳಿಗೆ ತೂರಿ ಹೋಗುತ್ತಿದ್ದಿತು. ಆ ವರ್ಷದ ಮಾರ್ಚ್ 4ರಂದು ಅಧ್ಯಕ್ಷರಾದ ಫ್ರಾಂಕ್ಲಿನ್ ರೂಸ್‌ವೆಲ್ಟರು ಎರಡು ವ್ಯಾಧಿಗಳಿಗೂ ಒಂದೇ ಮದ್ದನ್ನು ಯೋಚಿಸಿದರು. ಮಾರ್ಚ್ 31ರಂದು ಕಾನೂನಾಯಿತು. ಏಪ್ರಿಲ್ 17ರಂದು ವರ್ಜೀನಿಯದ ಕಾಡಿನಲ್ಲಿ ಮೊದಲನೆಯ ಶಿಬಿರವು ಏರ್ಪಟ್ಟಿತು. ಜುಲೈ ಆರಂಭದ ವೇಳೆಗೆ 2,50,000ಕ್ಕೂ ಹೆಚ್ಚು ಜನ ತರುಣರು ಸೇರಿದ್ದರು. 'ಸಿವಿಲಿಯನ್ ಕನ್ಸರ್ವೇಷನ್ ಕೋರ್' ಎಂಬ ಈ ಸಂಸ್ಥೆಯನ್ನು ನಾವು ಸಂರಕ್ಷಣಾ ದಳವೆಂದು ಕರೆಯೋಣ.

ಮೊದಮೊದಲು 18ರಿಂದ 25 ವರ್ಷ ವಯಸ್ಸಿನ, ಅವಿವಾಹಿತರಾದ ನಿರುದ್ಯೋಗಿಗಳನ್ನು ಆರಿಸಿಕೊಳ್ಳುತ್ತಿದ್ದರು. ಆರಿಸುವುದು ಕಾರ್ಮಿಕ ಇಲಾಖೆಯ ಹೊಣೆ. ಊಟ, ವಸತಿ, ಶಿಸ್ತು ಸೈನ್ಯದ್ದು. ಕೆಲಸವನ್ನು ಗೊತ್ತುಮಾಡುವುದು ವ್ಯವಸಾಯ ಮತ್ತು ಒಳನಾಡಿನ ಇಲಾಖೆಗಳದ್ದು. ಸಂಬಳ ತಿಂಗಳಿಗೆ 30 ಡಾಲರು. ಅದರಲ್ಲಿ 25 ಡಾಲರು ನೇರವಾಗಿ ಮನೆಗೆ ಹೋಗುತ್ತಿದ್ದಿತು. ಉಳಿದ ಐದು ಮಾತ್ರ ಹುಡುಗನ ಕೈಗೆ. ಇದು ಕಠಿಣವೆಂದು ತೋರಬಹುದು. ಆದರೆ ನಿನ್ನೆಯವರೆಗೆ ಮನೆಗೆ ಭಾರವಾಗಿದ್ದ ಮಗನು ಇಂದು ಮನೆಗೆ ಆಧಾರವಾದನು. ದಾನವು ಕೊಡಲಾರದ ಮರ್ಯಾದೆಯನ್ನು ಆ 25 ಡಾಲರು ಕೊಟ್ಟಿತು.

ಕೆಲಸವಾದರೂ ಹೊತ್ತು ಕಳೆಯುವ ಕೆಲಸವಲ್ಲ. ಒಂದು ಉದಾಹರಣೆಯನ್ನು ನೋಡೋಣ. ಇಳಿಜಾರಿನಲ್ಲಿ ಹರಿಯುವ ನೀರು ಮೊದಲು ಗೆರೆಯಂತೆ ನೆಲವನ್ನು ಕೊರೆಯುತ್ತದೆ. ಕ್ರಮೇಣ ಅದೇ ಕೊರಕಲಾಗಿ ಹೊಲವನ್ನು ನುಂಗುತ್ತದೆ. ತರುಣರು ಆ ಕೊರಕಲಿಗೆ ಅಡ್ಡಲಾಗಿ ಕಲ್ಲು, ಮರದ ದಿಮ್ಮಿಗಳಿಂದ ಸಣ್ಣ ಸಣ್ಣ ಒಡ್ಡುಗಳನ್ನು ಕಟ್ಟುತ್ತಿದ್ದರು. ನೀರಿನ ವೇಗ ತಗ್ಗಿದರೆ ಅದು ಹೊತ್ತುತಂದ ಮಣ್ಣು ಒಡ್ಡಿನ ಹಿಂದೆ ನಿಲ್ಲುತ್ತದೆ. ನಿಂತ ಮಣ್ಣಿನಲ್ಲಿ ಹುಲ್ಲು ಬೇರು ಬಿಡುತ್ತದೆ. ಬೇರು ಮಣ್ಣನ್ನು ಹಿಡಿಯುತ್ತದೆ. ಇದಲ್ಲದೆ ಕಾಳ್ಗಿಚ್ಚನ್ನು ದೂರದಿಂದ ಕಾಣಲು ಗೋಪುರಗಳನ್ನೆತ್ತಿದರು, ಕಾಡುದಾರಿಗಳನ್ನು ಮಾಡಿದರು, ಒಂಬತ್ತು ವರ್ಷಗಳಲ್ಲಿ ಸುಮಾರು 300 ಕೋಟಿ ಸಸಿಗಳನ್ನು ನೆಟ್ಟರು.

ಪಟ್ಟಣದ ಹುಡುಗನಿಗೆ ಕೊಡಲಿ ಹಿಡಿಯಲು ಕಲಿಸಿದವರಾರು? ಸುತ್ತಮುತ್ತಲ ಹಳ್ಳಿಗಳ ಅನುಭವಸ್ಥರನ್ನೇ ಸಂಬಳ ಕೊಟ್ಟು ಶಿಬಿರಕ್ಕೆ ಕರೆತರುತ್ತಿದ್ದರು. ಕಾಡನ್ನು ಬಲ್ಲವನು ಅಲ್ಲಿ ಗುರುವಾದನು. ಸಾಯಂಕಾಲ ಪಾಠಗಳು ನಡೆಯುತ್ತಿದ್ದುವು. ಓದುಬರಹ ಬಾರದಿದ್ದ 40,000ಕ್ಕೂ ಹೆಚ್ಚು ಮಂದಿ ಅಕ್ಷರಸ್ಥರಾದರು.

ಹೀಗೆಂದು ದೋಷಗಳನ್ನು ಮರೆಮಾಚುವುದು ನ್ಯಾಯವಲ್ಲ. ವರ್ಣಭೇದ ಕೂಡದೆಂದು ಕಾನೂನು ಹೇಳಿದ್ದರೂ ಕರಿಯ ತರುಣರನ್ನು ಬೇರೆ ಶಿಬಿರಗಳಲ್ಲಿಟ್ಟರು. ಹೆಣ್ಣುಮಕ್ಕಳಿಗೆ ದಳದಲ್ಲಿ ಪ್ರವೇಶವೇ ಇರಲಿಲ್ಲ; ಎಲಿನಾರ್ ರೂಸ್‌ವೆಲ್ಟರ ಒತ್ತಾಯದಿಂದ ಅವರಿಗಾಗಿ ತೆರೆದ ಕೆಲವೇ ಶಿಬಿರಗಳೂ 1937ರಲ್ಲಿ ಮುಚ್ಚಿದುವು. ಅದೇ ವರ್ಷ ದಳವನ್ನು ಶಾಶ್ವತ ಸಂಸ್ಥೆಯನ್ನಾಗಿ ಮಾಡಬೇಕೆಂಬ ಅಧ್ಯಕ್ಷರ ಕೋರಿಕೆಯನ್ನು ಶಾಸನಸಭೆಯು ಒಪ್ಪಲಿಲ್ಲ. ಯುದ್ಧವು ಬಂದು ತರುಣರಿಗೆ ಬೇರೆ ಕೆಲಸ ದೊರೆತೊಡನೆ, 1942ರಲ್ಲಿ, ದ್ರವ್ಯಸಹಾಯವೇ ನಿಂತುಹೋಯಿತು.

ಭಾವನೆ ಮಾತ್ರ ಅಳಿಯಲಿಲ್ಲ. 1970ರ ಕಾನೂನೊಂದು 15ರಿಂದ 18 ವರ್ಷದ ಹುಡುಗರಿಗೂ ಹುಡುಗಿಯರಿಗೂ ಬೇಸಗೆಯಲ್ಲಿ ಇಂಥ ಕೆಲಸವನ್ನು ಕಲ್ಪಿಸಿತು. 2023ರಲ್ಲಿ ಹವಾಮಾನ ದಳವೊಂದನ್ನು ಘೋಷಿಸಿದರು. 2025ರ ಆರಂಭಕ್ಕೆ ಅದು ಮುಗಿದೇಹೋಯಿತು.

ಇಲ್ಲಿಯೇ ನಮಗೆ ಮುಖ್ಯವಾದ ಪಾಠವಿದೆ. ಆಪತ್ಕಾಲದಲ್ಲಿ ತರುಣನನ್ನೂ ನೆಲವನ್ನೂ ನೆನೆದು, ಆಪತ್ತು ಕಳೆದೊಡನೆ ಇಬ್ಬರನ್ನೂ ಮರೆಯುವುದು ಸರ್ಕಾರಗಳ ಸ್ವಭಾವ. ಸಸಿಯು ಮರವಾಗುವುದಕ್ಕೂ ಹುಡುಗನು ಕುಶಲಿಯಾಗುವುದಕ್ಕೂ ಆಯವ್ಯಯದ ಒಂದು ವರ್ಷ ಸಾಲದು. 1933ರ ಆ ಹುಡುಗರು ನೆಟ್ಟ ಎಷ್ಟೋ ಮರಗಳು ಅವರ ದಳಕ್ಕಿಂತ ಬಹುಕಾಲ ಬದುಕಿದುವು. ದಳವೂ ಮರದಷ್ಟು ಬಾಳಿದ್ದರೆ, "ಮುಂದೇನು?" ಎಂದು ಕೇಳಿದ ಇನ್ನೆಷ್ಟು ಮಂದಿಗೆ ಉತ್ತರ ದೊರೆಯುತ್ತಿದ್ದಿತೋ, ತಾವೇ ಆಲೋಚಿಸಬೇಕು.