ಕೊಟ್ಟಿಗೆಗೆ ಬಂದ ಎರಡು ಕತ್ತೆ

ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ, ಚಿಂಚೋಳಿ ಸೀಮೆಯವರಿಗೆ ಕತ್ತೆ ಹೊಸದಲ್ಲ. ಅಗಸರ ಬಟ್ಟೆಗಂಟು, ವಡ್ಡರ ಮಣ್ಣು, ಕುಂಬಾರರ ಮಡಕೆ ಎಲ್ಲ ಅದರ ಬೆನ್ನ ಮೇಲೇ ಹೋಗುತ್ತಿತ್ತು. ಹಸುಗೂಸಿಗೆ ಒಂದು ಒಳಲೆ ಕತ್ತೆ ಹಾಲು ಹಾಕಿಸುವ ಅಜ್ಜಿಯರು ಈಗಲೂ ಇದ್ದಾರೆ. ಮಳೆ ಕೈಕೊಟ್ಟ ವರ್ಷ ಕತ್ತೆಗೇ ಬಾಸಿಂಗ ಕಟ್ಟಿ ಮದುವೆ ಮಾಡುತ್ತೇವೆ. ಮದುವೆ ಮುಗಿದ ಮರುದಿನ ಅದು ತಿಪ್ಪೆಯಲ್ಲಿ ಪ್ಲಾಸ್ಟಿಕ್ ಮೆಲ್ಲುತ್ತಿದ್ದರೆ ಯಾರೂ ಕೇಳುವುದಿಲ್ಲ.

ಟ್ರ್ಯಾಕ್ಟರು, ಟಂಟಂ ಬಂದ ಮೇಲೆ ಅದರ ಕೆಲಸ ಹೋಯಿತು. 2012ರ ಜಾನುವಾರು ಗಣತಿಯಲ್ಲಿ ದೇಶದಲ್ಲಿ ಸುಮಾರು 3.2 ಲಕ್ಷ ಕತ್ತೆಗಳಿದ್ದವು. 2019ಕ್ಕೆ ಉಳಿದದ್ದು 1.2 ಲಕ್ಷ. ಕರ್ನಾಟಕದಲ್ಲಿ 16 ಸಾವಿರದಷ್ಟಿದ್ದದ್ದು 9 ಸಾವಿರಕ್ಕೆ ಬಂತು. ಯಂತ್ರವೊಂದೇ ಇದಕ್ಕೆ ಕಾರಣವಲ್ಲ. ಚೀನಾದಲ್ಲಿ ಕತ್ತೆಯ ತೊಗಲು ಕುದಿಸಿ ‘ಎಜಿಯಾವೊ’ ಎಂಬ ಔಷಧಿ ಮಾಡುತ್ತಾರೆ. ಇತ್ತ ಆಂಧ್ರದಲ್ಲಿ ಕದ್ದುಮುಚ್ಚಿ ಮಾಂಸದ ವ್ಯಾಪಾರ ನಡೆಯುತ್ತದೆ.

ಸಾಗಣೆಯಲ್ಲಿ ಸಿಕ್ಕಿಬಿದ್ದ, ಗಾಯಗೊಂಡ, ಬಿಟ್ಟುಹೋದ ಕತ್ತೆಗಳನ್ನು ಇಡುವುದೆಲ್ಲಿ? ಗೋಶಾಲೆಗಳು ಆಕಳಿಗಾಗಿ ಕಟ್ಟಿದವು. ಉಳಿದ ದಾರಿ ಮನೆಯಲ್ಲೇ ಆಸರೆ ಕೊಡುವುದು. ಈ ಪದ್ಧತಿಗೆ ಇಂಗ್ಲೆಂಡಿನ ಡೆವನ್‌ ಪ್ರಾಂತ್ಯದ ‘ಡಾಂಕಿ ಸ್ಯಾಂಕ್ಚುರಿ’ ದೊಡ್ಡ ಮಾದರಿ. ಹೋಟೆಲು ನಡೆಸುತ್ತಿದ್ದ ಎಲಿಜಬೆತ್ ಸ್ವೆಂಡ್ಸೆನ್ 1969ರಲ್ಲಿ ಮೊದಲ ಕತ್ತೆ ಕೊಂಡರು. 1974ರಲ್ಲಿ ಇನ್ನೊಬ್ಬ ಹೆಣ್ಣುಮಗಳು ತೀರಿಕೊಂಡಾಗ, ಆಕೆ ಸಲಹುತ್ತಿದ್ದ 204 ಕತ್ತೆಗಳು ಉಯಿಲಿನ ಮೂಲಕ ಇವರ ಪಾಲಿಗೆ ಬಂದವು! ಈಗ ಆ ಸಂಸ್ಥೆ ತನ್ನ ಕತ್ತೆಗಳನ್ನು ಆಯ್ದ ಮನೆಗಳಿಗೆ ಸಾಕಲು ಕೊಡುತ್ತದೆ. ಒಡೆತನ ಸಂಸ್ಥೆಯದೇ, ಅದರ ಜನ ಬಂದು ನೋಡಿ ಹೋಗುತ್ತಾರೆ. ಒಂದು ಕತ್ತೆಗೆ ಅರ್ಧ ಎಕರೆಯಾದರೂ ಜಾಗ ಬೇಕು. ಒಂಟಿ ಕತ್ತೆಯನ್ನಂತೂ ಕೊಡುವುದೇ ಇಲ್ಲ.

ಈ ಜೋಡಿ ನಿಯಮ ಬರೀ ಮಮತೆಯ ಮಾತಲ್ಲ. ಜೊತೆಗಾರ ಅಗಲಿದರೆ ಕತ್ತೆ ಮೇವು ಬಿಡುತ್ತದೆ. ಮೇವು ಬಿಟ್ಟರೆ ಮೈಯ ಕೊಬ್ಬು ಕರಗಿ ರಕ್ತಕ್ಕೆ ನುಗ್ಗಿ, ಯಕೃತ್ತು, ಮೂತ್ರಪಿಂಡ ಕೆಡುತ್ತವೆ. ಕೆಲವೇ ದಿನಗಳಲ್ಲಿ ಪ್ರಾಣಕ್ಕೇ ಬರಬಹುದು. ಮೇಲಾಗಿ ಅದು ನೋವು ತೋರಿಸಿಕೊಳ್ಳುವ ಪ್ರಾಣಿಯಲ್ಲ. ಮಂಕಾಗಿ ನಿಂತಿದ್ದರೆ ‘ಅದರ ಸ್ವಭಾವವೇ ಹಾಗೆ’ ಎಂದುಕೊಳ್ಳದೆ ಅವತ್ತೇ ಪಶುವೈದ್ಯರನ್ನು ಕರೆಸಬೇಕು.

ಸಾಕುವ ಖರ್ಚಿನ ಮಟ್ಟಿಗೆ ನಮ್ಮ ಸೀಮೆ ಅನುಕೂಲದ್ದು. ಕತ್ತೆ ಒಣಭೂಮಿಯ ಜೀವಿ. ಒಣಹುಲ್ಲು, ಚೆನ್ನಾಗಿ ಒಣಗಿದ ಜೋಳದ ಕಣಿಕಿ ಸಾಕು. ಹಸಿ ಜೋಳದ ಹೊಲಕ್ಕೆ ಬಿಡಬಾರದು. ಪ್ರೀತಿಯಿಂದ ಹಿಂಡಿ, ಬೆಲ್ಲ, ಉಳಿದ ರೊಟ್ಟಿ ಹಾಕಿದರೆ ಗೊರಸಿನೊಳಗೆ ಉರಿಯೂತ ಶುರುವಾಗಿ ಕಾಲೂರಲು ಆಗದಂತಾಗುತ್ತದೆ. ಅದರ ಕೂದಲು ಮಳೆ ತಡೆಯದು, ಹಾಗಾಗಿ ಮಾಡು ಬೇಕೇ ಬೇಕು. ಶಹಾಬಾದ ಕಲ್ಲು ಅಗ್ಗವೆಂದು ಕೊಟ್ಟಿಗೆಗೂ ನುಣುಪು ಫರಸಿ ಹಾಸುವವರಿದ್ದಾರೆ. ಒದ್ದೆಯಾದರೆ ಕಾಲು ಜಾರುತ್ತದೆ, ಮಣ್ಣಿನ ನೆಲವೇ ಲೇಸು. ಕೆಲಸವಿಲ್ಲದೆ ನಿಂತ ಕತ್ತೆಯ ಗೊರಸು ಬೆಳೆಯುತ್ತಲೇ ಹೋಗುತ್ತದೆ, ಎರಡು ತಿಂಗಳಿಗೊಮ್ಮೆಯಾದರೂ ತಿದ್ದಿಸಬೇಕು. ಎತ್ತಿಗೆ ನಾಲ ಕಟ್ಟುವವರನ್ನು ಕರೆದರೆ ಸಾಲದು. ಎತ್ತಿನದು ಸೀಳುಗೊರಸು, ಇದರದು ಇಡಿಗೊರಸು.

ತಂದ ದಿನವೇ ಮನೆಯ ಇತರ ಕತ್ತೆ, ಕುದುರೆಗಳ ಜೊತೆ ಕಟ್ಟುವುದೂ ತಪ್ಪು. ಗ್ಲ್ಯಾಂಡರ್ಸ್ ಎಂಬ ಮಾರಕ ರೋಗ ಕತ್ತೆಯಿಂದ ಮನುಷ್ಯರಿಗೂ ಅಂಟುತ್ತದೆ. ಪಶುಪಾಲನಾ ಇಲಾಖೆಯ ಮೂಲಕ ರಕ್ತ ಪರೀಕ್ಷೆಯಾಗಿ ಫಲಿತಾಂಶ ಬರುವವರೆಗೆ ಬೇರೆ ಇಡಬೇಕು. ಧನುರ್ವಾಯು ಲಸಿಕೆಯೂ ಬೇಕು.

ಕಾನೂನಿನ ಕಡೆಗೂ ಒಂದು ಕಣ್ಣಿರಲಿ. ಪ್ರಾಣಿಗಳ ಮೇಲಿನ ಕ್ರೌರ್ಯ ತಡೆ ಕಾಯ್ದೆ 1960ರದು. ಅದರಡಿ 1965ರಲ್ಲಿ ಬಂದ ನಿಯಮಗಳ ಪ್ರಕಾರ ಕತ್ತೆಗೆ 50 ಕಿಲೋ ಮೀರಿ ಹೇರುವಂತಿಲ್ಲ. 37 ಡಿಗ್ರಿ ದಾಟುವ ಕಡೆ ಮಧ್ಯಾಹ್ನ 12ರಿಂದ 3ರವರೆಗೆ ದುಡಿಸುವಂತಿಲ್ಲ. ನಮ್ಮ ಬೇಸಿಗೆಗೆ ಇದು ದಿನದಿನದ ನಿಯಮವಾಗಬೇಕಿತ್ತು. ಪೊಲೀಸರು ಹಿಡಿದ ಕತ್ತೆ ಪ್ರಕರಣ ಮುಗಿಯುವವರೆಗೆ ಮುದ್ದೆಮಾಲು. ಅದನ್ನು ಎಲ್ಲಿ ಇಡಬೇಕೆಂದು ನ್ಯಾಯಾಲಯ ಹೇಳಬೇಕು. ಆದ್ದರಿಂದ ಮನೆಗೆ ತರುವವರು ಯಾರ ಆದೇಶದ ಮೇಲೆ ತಂದೆವೆಂಬ ಕಾಗದ ಇಟ್ಟುಕೊಳ್ಳಬೇಕು.

ನೋಡಿಕೊಳ್ಳುವುದು ಹೇಗೆಂದು ಹೇಳಿಕೊಡಲು ಕತ್ತೆಯೊಡನೆ ಬಾಳಿದ ಅಗಸ, ವಡ್ಡರ ಮನೆಗಳ ಹಿರಿಯರಿದ್ದಾರೆ. ಇಂಥ ಕೆಲಸಕ್ಕೆ ಅವರನ್ನೇ ಕೂಲಿ ಕೊಟ್ಟು ಕರೆಯಬೇಕೆಂಬುದು ನನ್ನ ಅಭಿಪ್ರಾಯ. ಚೆನ್ನಾಗಿ ನೋಡಿಕೊಂಡರೆ ಕತ್ತೆ 30 ವರ್ಷವೂ ಬದುಕೀತು; ಒಪ್ಪಿಕೊಳ್ಳುವ ಮೊದಲು ಮನೆಯ ಮಕ್ಕಳನ್ನೂ ಕೇಳಿ.