ದೂರಕ್ಕೆ ಒಂದು ಕಣ್ಣು ಸಾಕು, ಸೂಜಿಗೆ ಎರಡೂ ಬೇಕು

ಭಟ್ಕಳ ಮಲ್ಲಿಗೆ ಕಟ್ಟುವವರ ಬೆರಳು ಗಮನಿಸಿ. ಬಾಳೆನಾರಿನ ಕುಣಿಕೆಯೊಳಗೆ ಮೊಗ್ಗಿನ ತೊಟ್ಟು ತಪ್ಪದೆ ಕೂರುತ್ತದೆ. ಈಗ ನೀವು ಒಂದು ಕಣ್ಣು ಮುಚ್ಚಿಕೊಂಡು ಸೂಜಿಗೆ ದಾರ ಪೋಣಿಸಲು ಹೋಗಿ. ದಾರದ ತುದಿ ಸೂಜಿಯ ಕಣ್ಣಿಗೆ ಸಿಗದೆ ಮುಂದೋ ಹಿಂದೋ ಜಾರುತ್ತದೆ.

ನಮ್ಮ ಕಣ್ಣುಗಳ ನಡುವೆ ಸುಮಾರು 6 ಸೆಂ.ಮೀ. ಅಂತರವಿದೆ. ಹಾಗಾಗಿ ಎರಡಕ್ಕೂ ಕಾಣುವ ಚಿತ್ರ ತುಸು ಬೇರೆ. ಮಿದುಳು ಆ ವ್ಯತ್ಯಾಸದಿಂದಲೇ ಆಳವನ್ನು ಲೆಕ್ಕ ಹಾಕುತ್ತದೆ. 1838ರಲ್ಲಿ ಬ್ರಿಟನ್ನಿನ ಚಾರ್ಲ್ಸ್ ವೀಟ್‌ಸ್ಟನ್ ಇದನ್ನು ತೋರಿಸಿಕೊಟ್ಟರು. ಕೊಂಚವೇ ಭಿನ್ನವಾದ ಎರಡು ರೇಖಾಚಿತ್ರಗಳನ್ನು ಒಂದೊಂದು ಕಣ್ಣಿಗೆ ಒಂದೊಂದರಂತೆ ಕಾಣಿಸಿದಾಗ, ಚಪ್ಪಟೆ ಗೆರೆಗಳು ಘನಾಕೃತಿಯಾಗಿ ಎದ್ದುನಿಂತವು.

ಆದರೆ ಈ ಶಕ್ತಿ ಹತ್ತಿರಕ್ಕೆ ಮಾತ್ರ. 60 ಸೆಂ.ಮೀ. ದೂರದ ಸೂಜಿಯನ್ನು ಎರಡು ಕಣ್ಣುಗಳು ನೋಡುವ ಕೋನದಲ್ಲಿ ಸುಮಾರು 6 ಡಿಗ್ರಿ ವ್ಯತ್ಯಾಸವಿರುತ್ತದೆ. ಮುರುಡೇಶ್ವರದ ದಡದಿಂದ ಸುಮಾರು 19 ಕಿ.ಮೀ. ದೂರದ ನೇತ್ರಾಣಿ ದ್ವೀಪಕ್ಕೆ ಬಂದರೆ, ಅದೇ ವ್ಯತ್ಯಾಸ ಒಂದು ಡಿಗ್ರಿಯ 3,600ನೇ ಒಂದು ಭಾಗಕ್ಕಿಂತಲೂ ಕಡಿಮೆ. ನೇತ್ರಾಣಿಯನ್ನು ನಾವೆಲ್ಲ ನೋಡುವುದು ಒಂದೇ ಕಣ್ಣಿದ್ದವರಂತೆಯೇ.

ಆದರೂ ದೂರ ತಿಳಿಯುತ್ತದಲ್ಲ? ಅದಕ್ಕೆ ಬೇರೆ ಸುಳಿವುಗಳಿವೆ. ಹೊನ್ನಾವರದಲ್ಲಿ ಶರಾವತಿಯ ಮೇಲಿನ 2 ಕಿ.ಮೀ.ಗೂ ಉದ್ದದ ಸೇತುವೆಯನ್ನು ರೈಲಿನಲ್ಲಿ ದಾಟುವಾಗ ಹತ್ತಿರದ ಕಂಬಗಳು ಸರ್ರನೆ ಹಿಂದೋಡುತ್ತವೆ, ದಡದ ತೆಂಗಿನ ಮರಗಳು ನಿಧಾನ ಸರಿಯುತ್ತವೆ, ಘಟ್ಟ ಅಲುಗುವುದೇ ಇಲ್ಲ. ಕುಮಟಾದ ಕಡೆಯಿಂದ ಕಾಣುವ ಸಹ್ಯಾದ್ರಿಯ ಸಾಲುಗಳಲ್ಲಿ ಹಿಂದಿನದು ಮುಂದಿನದಕ್ಕಿಂತ ಮಸುಕು, ನೀಲಿ. ಯಾಣದಲ್ಲಿ ಬಂಡೆಗೆ ಮರ ಅಡ್ಡ ಬಂದರೆ ಮರವೇ ಹತ್ತಿರ. ಇವಕ್ಕೆಲ್ಲ ಒಂದು ಕಣ್ಣು ಸಾಕು. ಕಣ್ಣೊಂದನ್ನು ಕಳೆದುಕೊಂಡವರು ತಲೆಯನ್ನು ಅತ್ತಿತ್ತ ಆಡಿಸುತ್ತ ಈ ಸುಳಿವುಗಳನ್ನು ಹೆಚ್ಚು ಬಳಸಲು ಕಲಿಯುತ್ತಾರೆ.

ಒಂದು ಕಣ್ಣಿನ ಈ ಸಾಮರ್ಥ್ಯವೇ ಮಕ್ಕಳಲ್ಲಿ ದೋಷವನ್ನು ಮುಚ್ಚಿಡುತ್ತದೆ. ಮೆಳ್ಳೆಗಣ್ಣಿನಿಂದಲೋ, ಎರಡು ಕಣ್ಣುಗಳ ಪವರ್ ಬೇರೆಯಾಗಿರುವುದರಿಂದಲೋ ಒಂದು ಕಣ್ಣಿನ ಚಿತ್ರವನ್ನು ಮಿದುಳು ಕಡೆಗಣಿಸತೊಡಗುತ್ತದೆ; ಇದೇ ‘ಸೋಮಾರಿ ಕಣ್ಣು’. ಮಗು ಮಾತ್ರ ಓಡುತ್ತದೆ, ಆಡುತ್ತದೆ, ದೂರು ಹೇಳುವುದಿಲ್ಲ. ಎರಡೂ ಕಣ್ಣುಗಳನ್ನು ಬೆಸೆಯುವ ನರಜಾಲ ಬೆಳೆಯುವುದು ಎಳವೆಯಲ್ಲೇ. ಆಗಲೇ ಕನ್ನಡಕ ಕೊಟ್ಟು, ಚೆನ್ನಾಗಿರುವ ಕಣ್ಣಿಗೆ ದಿನವೂ ಕೆಲಹೊತ್ತು ಪಟ್ಟಿ ಹಾಕಿದರೆ ಸೋಮಾರಿ ಕಣ್ಣು ಚುರುಕಾಗುತ್ತದೆ. ವಯಸ್ಸು ಏರಿದಷ್ಟೂ ಫಲ ಕಡಿಮೆ. ಆದ್ದರಿಂದ ಶಾಲೆಗೆ ಸೇರಿಸುವ ಮೊದಲೇ ಮಗುವಿನ ಒಂದೊಂದು ಕಣ್ಣನ್ನೂ ಬೇರೆಬೇರೆಯಾಗಿ ಪರೀಕ್ಷೆ ಮಾಡಿಸಿ.